ಬಾಲ್ಯಸ್ಮರಣೆಯೂ ರಾಜಕೀಯ ದೇಶಭ್ರಷ್ಟತೆಯೂ: ಹೇಮಾವತೀ ತೀರದ ಒಂದು ನಿದರ್ಶನ

ಬಾಲ್ಯಸ್ಮರಣೆ ಎಂಬ ಗದ್ಯಪ್ರಕಾರವನ್ನೂ ದೇಶಭ್ರಷ್ಟರ ಬರವಣಿಗೆಯನ್ನೂ ವಿಮರ್ಶಕರು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಪರಿಶೀಲಿಸುತ್ತಾರೆ. ಮೊದಲನೆಯದಕ್ಕೆ ಪ್ರಬಂಧ ಮತ್ತು ಆತ್ಮಕಥೆಗಳ ನಡುವೆ ಒಂದು ಸ್ಥಾನವನ್ನು ಕೊಡುತ್ತಾರೆ. ಎರಡನೆಯದನ್ನು ರಾಜಕೀಯ ಚರಿತ್ರೆಗೆ ಬಿಟ್ಟುಕೊಡುತ್ತಾರೆ. ಆದರೆ ಇವೆರಡಕ್ಕೂ ವಸ್ತು ಒಂದೇ: ಮರಳಿ ಹೋಗಲಾಗದ ಒಂದು ನೆಲೆ. ಭೇದವಿರುವುದು ಅಗಲಿಕೆಯ ಕಾರಣದಲ್ಲಿ. ಬಾಲ್ಯವನ್ನು ಕಾಲವು ಎಲ್ಲರಿಂದಲೂ ಕಸಿದುಕೊಳ್ಳುತ್ತದೆ. ಅದಕ್ಕಾಗಿ ಯಾರನ್ನೂ ಹೊಣೆ ಮಾಡುವಂತಿಲ್ಲ. ದೇಶಭ್ರಷ್ಟನಾದರೋ ತನ್ನ ನಾಡನ್ನು ಒಂದು ಆಜ್ಞೆಯಿಂದ, ಒಂದು ನಿರ್ದಿಷ್ಟ ದಿನದಲ್ಲಿ, ಹೆಸರಿಡಿದು ಹೇಳಬಹುದಾದ ಅಧಿಕಾರವೊಂದರ ಕೈಯಲ್ಲಿ ಕಳೆದುಕೊಂಡಿರುತ್ತಾನೆ. ಈ ಎರಡು ಬಗೆಯ ನಷ್ಟಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದಾಗ ಅವನು ಏನನ್ನು ಬರೆಯುತ್ತಾನೆ, ಏನನ್ನು ಬರೆಯದೆ ಉಳಿಯುತ್ತಾನೆ ಎಂಬುದೇ ಪ್ರಕೃತ ಲೇಖನದ ವಿಷಯ. ಇದಕ್ಕೆ ನಿದರ್ಶನವಾಗಿ, ಸಕಲೇಶಪುರ ಮತ್ತು ಆಲೂರುಗಳ ಮಲೆಸೀಮೆಯಿಂದ ಇಳಿದುಬರುವ ಹೇಮಾವತಿಯ ದಡದಲ್ಲಿರುವ ಗೊರೂರನ್ನು ಇಲ್ಲಿ ತೆಗೆದುಕೊಂಡಿದೆ.

ಗೊರೂರೆಂದೊಡನೆ ಕನ್ನಡಿಗರಿಗೆ ನೆನಪಾಗುವವರು ಶ್ರೀ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991). 1930ರಲ್ಲಿ ಪ್ರಕಟವಾದ ಅವರ 'ಹಳ್ಳಿಯ ಚಿತ್ರಗಳು' ಹೆಸರಿನಲ್ಲಿ ಪ್ರಬಂಧಸಂಗ್ರಹವಾದರೂ ಅದರ ಬೇರು ಇರುವುದು ಹುಡುಗನಾಗಿ ಕಂಡ ಊರಿನಲ್ಲಿ. ಆ ಕೃತಿಯೂ, ಮೂರು ವರ್ಷಗಳ ಅನಂತರ ಬಂದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಎಂಬ ಕೃತಿಯೂ ಕನ್ನಡದಲ್ಲಿ ಬಾಲ್ಯಸ್ಮರಣೆಗೆ ಒಂದು ಮಾದರಿಯನ್ನು ಹಾಕಿಕೊಟ್ಟವು. ವಿದ್ಯೆಗಾಗಿ ಪಟ್ಟಣ ಸೇರಿದ ಯುವಕನು ತನ್ನ ಹಳ್ಳಿಯತ್ತ ತಿರುಗಿ ನೋಡುವ ದೃಷ್ಟಿ ಅದು. ಅಲ್ಲಿ ಅಗಲಿಕೆ ಉಂಟು, ಅಪಹಾರವಿಲ್ಲ. ಹಳ್ಳಿ ಇದ್ದಲ್ಲಿಯೇ ಇದೆ, ಬೇಕೆಂದರೆ ಹೋಗಿಬರಬಹುದು. ಆದುದರಿಂದಲೇ ಆ ಬರಹಗಳಲ್ಲಿ ವಿನೋದಕ್ಕೆ ಅಷ್ಟು ಎಡೆ ದೊರೆತಿದೆ. ಕಳೆದುಕೊಂಡದ್ದನ್ನು ಕುರಿತು ನಗಬಲ್ಲವನು, ಕಳೆದುಕೊಂಡದ್ದು ಕಾಲದಿಂದ ಮಾತ್ರ ಎಂದು ನಂಬಿದವನು.

ಇದೇ ಗೊರೂರಿನಲ್ಲಿ, ಇದಕ್ಕೆ ಸುಮಾರು ನೂರೈವತ್ತು ವರ್ಷ ಹಿಂದೆ, ಬೇರೆ ಕೆಲವು ಹುಡುಗರು ಇದ್ದರು. 1780ರಲ್ಲಿ ಕೊಡಗಿನ ಅರಸು ಲಿಂಗರಾಜನು ತೀರಿಕೊಂಡಾಗ ಅವನ ಮಕ್ಕಳು ಇನ್ನೂ ಪ್ರಾಪ್ತವಯಸ್ಕರಾಗಿರಲಿಲ್ಲ. ಹೈದರಾಲಿಯು ಅವರ ಪೋಷಕನೆಂಬ ನೆಪದಿಂದ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡು, ರಾಜಕುಮಾರರನ್ನು ಗೊರೂರಿನ ಕೋಟೆಯಲ್ಲಿ ಇರಿಸಿದನು. ಟೀಪುವಿನ ಕಾಲದಲ್ಲಿ ಅವರನ್ನು ಅಲ್ಲಿಂದ ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. 1788ರ ಕೊನೆಯಲ್ಲಿ ಹಿರಿಯನಾದ ವೀರರಾಜನು ತಮ್ಮಂದಿರೊಡನೆ ಸೆರೆಯಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿ, ಟೀಪುವಿನ ಸೈನ್ಯದೊಡನೆ ಹೋರಾಡಿ ರಾಜ್ಯವನ್ನು ಪಡೆದನು. ಇವನೇ ದೊಡ್ಡ ವೀರರಾಜೇಂದ್ರ. ಹೀಗೆ ಒಂದೇ ಊರಿನ ಒಂದೇ ಹೊಳೆಯ ದಡ ಒಬ್ಬರಿಗೆ ತಾಯ್ನೆಲ, ಇನ್ನೊಬ್ಬರಿಗೆ ಸೆರೆನೆಲ.

ಈ ಎರಡನೆಯ ಬಾಲ್ಯವನ್ನು ಕುರಿತ ಬರಹ ನಮ್ಮಲ್ಲಿ ಇಲ್ಲವೆಂದಲ್ಲ. ವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ 'ರಾಜೇಂದ್ರನಾಮೆ' ಎಂಬ ಹೆಸರಿನಿಂದ ಬರೆಯಿಸಿದನು. ಅದು 1633ರಿಂದ 1807ರವರೆಗಿನ ಹಾಲೇರಿ ಅರಸರ ವೃತ್ತಾಂತ. 1808ರಲ್ಲಿ ಅದು ಇಂಗ್ಲಿಷಿಗೂ ಅನುವಾದವಾಯಿತು. ಸೆರೆಯಲ್ಲಿ ಬೆಳೆದವನೇ ಬರೆಯಿಸಿದ ಗ್ರಂಥವಾದುದರಿಂದ ಇದನ್ನು ದೇಶಭ್ರಷ್ಟನ ಬಾಲ್ಯಸ್ಮರಣೆಯೆಂದು ಕರೆಯಬಹುದೆ? ಕರೆಯಲಾಗದು. ನಾಮೆಯ ಧರ್ಮ ಬೇರೆ. ಅದು ಅರಸರ ಪರಂಪರೆಯನ್ನು ನಿರೂಪಿಸುತ್ತದೆ. ಯಾರ ತರುವಾಯ ಯಾರು, ಯಾವ ಕೋಟೆ ಯಾರ ವಶ ಎಂಬುದನ್ನು ಸ್ಥಾಪಿಸುತ್ತದೆ. ಅಂತಹ ಗ್ರಂಥದಲ್ಲಿ ಸೆರೆವಾಸವೆಂಬುದು ಎರಡು ಆಳ್ವಿಕೆಗಳ ನಡುವಿನ ಒಂದು ವಿಘ್ನ. ಕೋಟೆಯೊಳಗಿನ ಹುಡುಗನಿಗೆ ಹೊಳೆಯ ಸದ್ದು ಹೇಗೆ ಕೇಳಿಸಿತು, ಕಾವಲುಗಾರರು ಅವನೊಡನೆ ಯಾವ ಮಾತಾಡಿದರು ಎಂಬುದು ನಾಮೆಗೆ ಸಂಗತವಲ್ಲ.

ಇದನ್ನು ಆ ಗ್ರಂಥದ ದೋಷವೆಂದು ಎಣಿಸಬಾರದು. ನಮ್ಮ ಪರಂಪರೆಯಲ್ಲಿ ದೇಶಭ್ರಷ್ಟತೆಯ ಕಲ್ಪನೆಯೇ ಹಾಗಿದೆ. ವನವಾಸ, ಅಜ್ಞಾತವಾಸ ಎಂಬ ಶಬ್ದಗಳಲ್ಲಿಯೇ ಒಂದು ಅವಧಿಯ ಸೂಚನೆ ಅಡಗಿದೆ. ಅವಧಿ ತೀರಿದೊಡನೆ ಪಟ್ಟಾಭಿಷೇಕ. ಆದಿಕವಿ ಪಂಪನು ಬನವಾಸಿಯ ಮೇಲಣ ತನ್ನ ಹಂಬಲವನ್ನು ದೇಶಸಂಚಾರದಲ್ಲಿದ್ದ ಅರ್ಜುನನ ಬಾಯಲ್ಲಿ ನುಡಿಸಿರುವುದು ಸುಪ್ರಸಿದ್ಧ. ಹೊರಗೆ ಅಲೆಯುವವನ ಬಾಯಿಯಲ್ಲಿಯೇ ನಾಡಿನ ನೆನಪು ಹೆಚ್ಚು ಸಹಜವೆಂಬ ಅರಿವು ಹತ್ತನೆಯ ಶತಮಾನದಲ್ಲಿಯೇ ನಮಗಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಅರ್ಜುನನು ಮರಳುವವನು. ಮರಳಿದವನ ದೇಶಭ್ರಷ್ಟತೆ ಭಾರತದೊಳಗಿನ ಒಂದು ಪರ್ವವಾಗುತ್ತದೆ. ವೀರರಾಜೇಂದ್ರನದು ನಾಮೆಯೊಳಗಿನ ಒಂದು ಪ್ರಕರಣವಾಯಿತು.

ಮರಳದವನ ಗತಿಯೇನು? ಇದಕ್ಕೆ ಉತ್ತರವನ್ನು ಅದೇ ವಂಶದಲ್ಲಿ ಕಾಣಬಹುದು. ವೀರರಾಜೇಂದ್ರನೊಡನೆ ಸೆರೆಯಿಂದ ಪಾರಾದ ತಮ್ಮ ಲಿಂಗರಾಜನು ಮುಂದೆ ಕೊಡಗನ್ನಾಳಿದನು. ಅವನ ಮಗ ಚಿಕ್ಕ ವೀರರಾಜೇಂದ್ರನನ್ನು ಇಂಗ್ಲಿಷರು 1834ರಲ್ಲಿ ಪದಚ್ಯುತಗೊಳಿಸಿ, ವೆಲ್ಲೂರಿನ ಮಾರ್ಗವಾಗಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಕಂಪೆನಿಯಲ್ಲಿ ತೊಡಗಿಸಿದ್ದ ವಂಶದ ಹಣ ತನಗೆ ಸಲ್ಲಬೇಕೆಂದು ಚಾನ್ಸೆರಿ ನ್ಯಾಯಾಲಯದಲ್ಲಿ ಕಂಪೆನಿಯ ಮೇಲೆ ದಾವೆ ಹೂಡಿದನು. ದಾವೆಯ ಫಲವನ್ನು ಕಾಣದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು.

ಇಲ್ಲಿ ಒಂದು ಸಾದೃಶ್ಯವನ್ನು ಓದುಗರು ಗಮನಿಸಬೇಕು. ಅದೇ 1852ರಲ್ಲಿ ಅದೇ ಲಂಡನ್ ನಗರಕ್ಕೆ ಇನ್ನೊಬ್ಬ ದೇಶಭ್ರಷ್ಟನು ಬಂದಿಳಿದನು. ಅವನು ರಷ್ಯದ ಅಲೆಕ್ಸಾಂಡರ್ ಹರ್ಜೆನ್. 1847ರಲ್ಲಿ ದೇಶವನ್ನು ಬಿಟ್ಟಿದ್ದ ಅವನು, ಮರಳಬೇಕೆಂಬ ಸರ್ಕಾರದ ಅಪ್ಪಣೆಯನ್ನು ಮೀರಿ ಹೊರಗೇ ಉಳಿದವನು. ಅವನು ಲಂಡನ್ನಿನಲ್ಲಿ ಬರೆಯಲಾರಂಭಿಸಿದ ಬೃಹತ್ ಆತ್ಮಕಥೆ ತೆರೆಯುವುದು ಬಾಲ್ಯದಿಂದ. 1812ರಲ್ಲಿ ಫ್ರೆಂಚರು ಮಾಸ್ಕೋ ನಗರಕ್ಕೆ ನುಗ್ಗಿದಾಗ ಏನಾಯಿತೆಂಬುದನ್ನು ದಾದಿಯ ಬಾಯಿಂದ ಮತ್ತೆ ಮತ್ತೆ ಕೇಳುವ ಮಗುವಿನಿಂದ. ಅದೇ ನಗರದಲ್ಲಿ, ಅದೇ ಕಾಲದಲ್ಲಿ, ಒಬ್ಬನು ಸ್ಮರಣೆಯನ್ನು ಬರೆದನು. ಇನ್ನೊಬ್ಬನು ಅರ್ಜಿಯನ್ನು ಬರೆಯಿಸಿದನು.

ಈ ಭೇದವನ್ನು ಪ್ರತಿಭೆಯ ಭೇದವೆಂದು ತಳ್ಳಿಬಿಡುವುದು ಸುಲಭ. ಆದರೆ ಮುಖ್ಯ ಕಾರಣ ಬರವಣಿಗೆಯ ಪ್ರಕಾರದಲ್ಲಿಯೇ ಇದೆ. ಅರ್ಜಿಯು ಹಕ್ಕನ್ನು ಕೇಳುತ್ತದೆ. ಹಕ್ಕಿಗೆ ಬೇಕಾದುದು ತಾರೀಖು, ಮೊತ್ತ, ಸಹಿ, ಸಾಕ್ಷಿ. ಅರಮನೆಯ ಹಜಾರದಲ್ಲಿ ಮಳೆಗಾಲದ ಕತ್ತಲು ಹೇಗಿತ್ತೆಂಬುದು ನ್ಯಾಯಾಲಯಕ್ಕೆ ಬೇಡ. ಬಾಲ್ಯಸ್ಮರಣೆಯಾದರೋ ಯಾವ ನ್ಯಾಯಾಲಯಕ್ಕೂ ಉಪಯೋಗವಿಲ್ಲದ ಇಂತಹ ವಿವರಗಳಿಂದಲೇ ಕಟ್ಟಲ್ಪಡುತ್ತದೆ. ಕಳೆದುಹೋದುದು ಮರಳಿ ಬರುವುದೆಂಬ ಆಸೆ ಇರುವವರೆಗೆ ದೇಶಭ್ರಷ್ಟನು ಅರ್ಜಿದಾರನು. ಆ ಆಸೆಯನ್ನು ಬಿಟ್ಟ ಮೇಲೆಯೇ ಅವನಲ್ಲಿ ಸ್ಮರಣಕಾರನು ಹುಟ್ಟುತ್ತಾನೆ. 1919ರಲ್ಲಿ ರಷ್ಯವನ್ನು ಬಿಟ್ಟ ಕಾದಂಬರಿಕಾರ ವ್ಲದಿಮಿರ್ ನಬೊಕೊವ್, 1951ರಲ್ಲಿ ಪ್ರಕಟಿಸಿದ ತನ್ನ ಸ್ಮೃತಿಗ್ರಂಥದಲ್ಲಿ, ತನ್ನ ವ್ಯಥೆಗೂ ಕಳೆದುಕೊಂಡ ಆಸ್ತಿಗೂ ಸಂಬಂಧವಿಲ್ಲ, ತಾನು ಹಂಬಲಿಸುವುದು ಬಾಲ್ಯಕ್ಕಾಗಿ ಎಂದು ಸ್ಪಷ್ಟಪಡಿಸಿರುವುದು ಈ ಮಾತಿಗೆ ಪೋಷಕವಾಗಿದೆ. ಅವನು ಅರ್ಜಿಯನ್ನು ಬದಿಗಿಟ್ಟು ಬರೆಯತೊಡಗುತ್ತಾನೆ. ಆದರೆ ಅರ್ಜಿಯನ್ನು ಬಿಡುವುದೆಂದರೆ ರಾಜಕೀಯವನ್ನೇ ಬಿಡುವುದೆಂದಲ್ಲ. ಹರ್ಜೆನನ ಬಾಲ್ಯದ ಅಧ್ಯಾಯಗಳೇ ತ್ಸಾರನ ಆಡಳಿತದ ಮೇಲೆ ಮಾಡಿದ ತೀಕ್ಷ್ಣವಾದ ಟೀಕೆ.

ಗೌರಮ್ಮನ ವಿಷಯ ಇನ್ನೂ ಕಠಿನ. ಅವಳು ಹುಟ್ಟಿದುದು 1841ರಲ್ಲಿ, ಕಾಶಿಯಲ್ಲಿ. ತಂದೆ ಕಳೆದುಕೊಂಡ ಕೊಡಗನ್ನು ಅವಳು ಕಂಡವಳೇ ಅಲ್ಲ. 1852ರ ಜೂನ್ 30ರಂದು ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯ ಹೆಸರೇ ಅವಳ ಹೆಸರಾಯಿತು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರವನ್ನು ಬರೆದನು. ಅವಳ ಬಾಲ್ಯವನ್ನು ಕುರಿತು ರಾಣಿಯ ದಿನಚರಿಯಲ್ಲಿ ಉಲ್ಲೇಖಗಳಿವೆ. ಅವಳ ಮೇಲ್ವಿಚಾರಣೆಯನ್ನು ವಹಿಸಿದ್ದ ಲೇಡಿ ಲಾಗಿನ್ ಎಂಬವರ ನೆನಪುಗಳು 1916ರಲ್ಲಿ ಪ್ರಕಟವಾದವು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ತೀರಿಕೊಂಡಳು. ಹೀಗೆ ಅವಳ ಬಾಲ್ಯವನ್ನು ಅವಳನ್ನು ಸಾಕಿದವರು ಬರೆದರು. ಸಾಕಿದವರ ಬರಹದಲ್ಲಿ ಆ ಬಾಲ್ಯವು ಒಂದು ಉಪಕಾರದ ಕಥೆ. ನಮ್ಮ ವಂಶಗಳಲ್ಲಿ ಅಧಿಕಾರ ಹೋದ ಮೇಲೆ ನೆನಪನ್ನು ಬರೆಯುವ ಅಧಿಕಾರವೂ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈ ಎಡೆಯನ್ನು ಕನ್ನಡದಲ್ಲಿ ತುಂಬಲು ಯತ್ನಿಸಿದುದು ಕಾದಂಬರಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' (1956) ರಾಜ್ಯನಾಶದ ಕಾರಣಗಳನ್ನು ಅನುಕಂಪದಿಂದಲೂ ನ್ಯಾಯಬುದ್ಧಿಯಿಂದಲೂ ಪರಿಶೀಲಿಸುವ ಮಹತ್ವದ ಕೃತಿ. ಆದರೆ ಅದರ ಕೇಂದ್ರವಿರುವುದು ಮಡಿಕೇರಿಯ ಅರಮನೆಯಲ್ಲಿ. ಅದರ ಪ್ರಶ್ನೆ 'ರಾಜ್ಯ ಏಕೆ ಹೋಯಿತು' ಎಂಬುದು. 'ಹೋದ ಮೇಲೆ ಉಳಿದ ನೆನಪು ಯಾವುದು' ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಕಳೆದುಕೊಂಡವರ ಉತ್ತಮಪುರುಷ ನಿರೂಪಣೆಯೇ ಬೇಕು.

ಹಾಗಾದರೆ ಕನ್ನಡದಲ್ಲಿ ಬಾಲ್ಯಸ್ಮರಣೆಯೂ ದೇಶಭ್ರಷ್ಟತೆಯೂ ಎಲ್ಲಿಯೂ ಕೂಡಲಿಲ್ಲವೆ? ಕೂಡಿವೆ, ಆದರೆ ನಾವು ನಿರೀಕ್ಷಿಸದ ಸ್ಥಳದಲ್ಲಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರು ಕೇರಿ' ಈ ಆತ್ಮಕಥನಗಳು ಬಾಲ್ಯದ ನೆನಪುಗಳೇ. ಇವುಗಳಲ್ಲಿ ಹುಡುಗನು ಹುಟ್ಟಿದ ಊರಿನಲ್ಲಿಯೇ ಊರಿನ ಹೊರಗೆ ಇರುತ್ತಾನೆ. ದೇಶಭ್ರಷ್ಟನಿಗೆ ಒಮ್ಮೆ ತೆರೆದಿದ್ದ ಬಾಗಿಲು ಅನಂತರ ಮುಚ್ಚಿತು. ಇವರಿಗೆ ಅದು ತೆರೆದೇ ಇರಲಿಲ್ಲ. ಈ ಭೇದವನ್ನು ಮರೆಯಬಾರದು. ಆದರೂ ಬಾಲ್ಯದ ನಷ್ಟಕ್ಕೆ ಕಾಲವನ್ನಲ್ಲದೆ ಮನುಷ್ಯರನ್ನು ಹೊಣೆ ಮಾಡುವ ಧೈರ್ಯ ಕನ್ನಡದ ಸ್ಮರಣಗದ್ಯಕ್ಕೆ ಬಂದುದು ಇವರಿಂದ. ಇವುಗಳನ್ನು ಓದಿದ ಮೇಲೆ 1930ರ ದಶಕದ ಹಳ್ಳಿಯ ಚಿತ್ರಗಳನ್ನು ಮತ್ತೆ ಓದಿದರೆ, ಅಲ್ಲಿನ ನಗೆ ಕಡಿಮೆಯಾಗುವುದಿಲ್ಲ. ಆದರೆ ಆ ನಗೆ ಯಾವ ಜಗಲಿಯವರೆಗೆ ಕೇಳಿಸುತ್ತಿತ್ತು ಎಂಬ ಪ್ರಶ್ನೆ ಏಳುತ್ತದೆ. ಒಳ್ಳೆಯ ಕೃತಿಗೆ ಇಂತಹ ಪ್ರಶ್ನೆಯಿಂದ ಹಾನಿಯಿಲ್ಲ.

ಈ ಚರ್ಚೆ ಕೇವಲ ಗ್ರಂಥಗಳಿಗೆ ಸಂಬಂಧಿಸಿದುದಲ್ಲ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಆಲೂರು ತಾಲ್ಲೂಕಿನವರೆಗೂ ಹಬ್ಬಿ ಎಷ್ಟೋ ಹಳ್ಳಿಗಳ ಗದ್ದೆ, ಗುಡಿ, ಸ್ಮಶಾನಗಳನ್ನು ಮುಳುಗಿಸಿತು. ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನಲ್ಲಿ ನಿಂತು ಬೇಸಿಗೆಯಲ್ಲಿ ಹೊರಗೆ ಕಾಣಿಸಿಕೊಳ್ಳುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ನೀರಿನಿಂದ ಬಯಲುಸೀಮೆಯ ಎಷ್ಟೋ ಹೊಲಗಳು ಗದ್ದೆಗಳಾಗಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಒಕ್ಕಲೆದ್ದವರನ್ನು ರಾಜಕೀಯ ದೇಶಭ್ರಷ್ಟರೆಂದು ಕರೆಯುವುದು ಶಬ್ದದ ನಿಷ್ಕೃಷ್ಟಾರ್ಥದಲ್ಲಿ ಸರಿಯಲ್ಲ. ಅವರಿಗೆ ಯಾರೂ ಶಿಕ್ಷೆ ವಿಧಿಸಲಿಲ್ಲ. ಆದರೆ ಅವರ ಬಾಲ್ಯದ ನೆಲೆಯನ್ನು ಕಸಿದುಕೊಂಡುದು ಕಾಲವಲ್ಲ, ತಾರೀಖುಳ್ಳ ಒಂದು ಆಜ್ಞೆ. ಅಲ್ಲಿಗೆ ಮರಳುವ ದಾರಿಯೂ ಇಲ್ಲ.

ಅವರಿಂದ ಈವರೆಗೆ ನಾವು ಪಡೆದಿರುವ ಬರಹ ಯಾವುದು? ಪರಿಹಾರಕ್ಕಾಗಿ, ಬದಲಿ ಭೂಮಿಗಾಗಿ ಬರೆದ ಅರ್ಜಿಗಳು. ಕಚೇರಿಯ ಕಡತಗಳಲ್ಲಿ ಸರ್ವೆ ನಂಬರು, ಎಕರೆ, ಗುಂಟೆ, ಮರಗಳ ಸಂಖ್ಯೆ ಉಳಿದಿರುತ್ತವೆ. ಯಾವ ಮರದ ಕೆಳಗೆ ಸಂತೆಗೆ ಹೋಗುವ ಗಾಡಿಗಳು ನಿಲ್ಲುತ್ತಿದ್ದವು, ಹೊಳೆ ತುಂಬಿದಾಗ ಮಕ್ಕಳು ಶಾಲೆಗೆ ಯಾವ ಬಳಸುದಾರಿಯಲ್ಲಿ ಹೋಗುತ್ತಿದ್ದರು ಎಂಬುದು ಉಳಿದಿರುವುದಿಲ್ಲ; ಏಕೆಂದರೆ ಅದಕ್ಕೆ ಪರಿಹಾರದ ದರವಿಲ್ಲ. ನೀರು ನಿಂತ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ಐವತ್ತೈದನ್ನು ದಾಟಿದ್ದಾರೆ. ಅವರಿಗೆ ಕಥೆ ಹೇಳಿದ ಹಿರಿಯರಲ್ಲಿ ಉಳಿದವರು ವಿರಳ. ವೀರರಾಜನಿಗೆ ನಾಮೆಯನ್ನು ಬರೆಯಿಸಲು ಆಸ್ಥಾನವಿತ್ತು. ಅವನ ತಮ್ಮನ ಮಗನಿಗೆ ಅರ್ಜಿ ಬರೆಯಲು ವಕೀಲರಿದ್ದರು. ಮೂರನೆಯ ಬಗೆಯ ಬರಹವನ್ನು ಹೇಮಾವತಿಯ ದಡದ ಜನರು ತಾವಾಗಿಯೇ ಆರಂಭಿಸಬೇಕಾಗಿದೆ. ಅವರಿಗೆ ಕೇಳುವ ಕಿವಿಯನ್ನಾದರೂ ಒದಗಿಸುವುದು ಕನ್ನಡ ವಿಭಾಗಗಳಿಗೆ ಅಸಾಧ್ಯವಲ್ಲ. ಆಲೂರು, ಸಕಲೇಶಪುರ, ಹಾಸನ ಕಡೆಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ಬಾಲ್ಯದ ಮಾತುಗಳನ್ನು, ಅವರ ಆಡುನುಡಿಯನ್ನು ತಿದ್ದದೆ, ಬರೆದುಕೊಳ್ಳುವುದರಿಂದ ಈ ಕಾರ್ಯಕ್ಕೆ ತೊಡಗಬಹುದು. ಹೀಗೆ ಕೂಡಿದ ಬರಹದಲ್ಲಿ ಎಷ್ಟು ಸಾಹಿತ್ಯವಾಗುವುದೆಂಬುದನ್ನು ಮುಂದಿನವರು ನಿರ್ಣಯಿಸಲಿ.