ಬಾಯಾರಿದ ನದಿ, ಮೂರನೆಯ ನುಡಿ: ‘ಸ್ವರಾತ್ಮ’ದ ಒಂದು ಹಾಡನ್ನು ಕುರಿತು

ಬೆಂಗಳೂರಿನ ಸ್ವತಂತ್ರ ಬ್ಯಾಂಡುಗಳ ಬಗೆಗಿನ ಚರ್ಚೆ ಬಹುಮಟ್ಟಿಗೆ ‘ಫ್ಯೂಷನ್’ ಎಂಬ ಪದದಲ್ಲಿಯೇ ಮುಗಿದುಹೋಗುತ್ತದೆ. ಜನಪದ ಮಟ್ಟು ಎಲ್ಲಿದೆ, ಗಿಟಾರು ಎಲ್ಲಿ ಸೇರಿತು, ಪಿಟೀಲು ಏನು ಮಾಡಿತು ಎಂದು ಗುರುತಿಸಿದರೆ ವಿಮರ್ಶೆಯ ಕೆಲಸ ತೀರಿತೆಂಬ ಭಾವನೆಯಿದೆ. ಹಾಡು ಯಾವ ನುಡಿಯನ್ನು ಆರಿಸಿಕೊಂಡಿತು, ಆ ನುಡಿ ಯಾರನ್ನು ತನ್ನ ಕೇಳುಗರೆಂದು ಕಲ್ಪಿಸಿಕೊಂಡಿದೆ ಎಂಬ ಪ್ರಶ್ನೆ ಹಿಂದುಳಿಯುತ್ತದೆ. 2002ರಲ್ಲಿ ರೂಪುಗೊಂಡ ‘ಸ್ವರಾತ್ಮ’ ತಂಡದ ‘ಪ್ಯಾಸಿ’ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಡದ ರಚನೆ. ಕಾವೇರಿ ವಿವಾದವನ್ನು ನದಿಯ ಕಡೆಯಿಂದ ನೋಡುವ ಈ ಹಾಡು ಇರುವುದು ಹಿಂದಿಯಲ್ಲಿ.

ಇದನ್ನು ಕನ್ನಡದ ಕೊರತೆಯೆನ್ನುವಂತಿಲ್ಲ. 2009ರ ಅದೇ ಆಲ್ಬಂನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಎರಡೂ ದಂಡೆಗಳ ನುಡಿಯಲ್ಲದ ನುಡಿಯಲ್ಲಿ ಮಾತಾಡುವ ನದಿ ಯಾರ ಪಕ್ಷವನ್ನೂ ವಹಿಸಿದಂತೆ ಕೇಳಿಸುವುದಿಲ್ಲ. ಹಲವು ನಾಡುಗಳಿಂದ ಬಂದು ನೆಲೆಸಿದ ಬೆಂಗಳೂರಿನ ಕೇಳುಗರಿಗೆ ಅದು ಸುಲಭವಾಗಿ ಒದಗುತ್ತದೆ. ಈ ಆಯ್ಕೆಯ ಸೌಜನ್ಯವನ್ನು ಒಪ್ಪಿಕೊಂಡೇ ಅದರ ಬೆಲೆಯನ್ನೂ ಕೇಳಬೇಕಾಗುತ್ತದೆ.

ಶೀರ್ಷಿಕೆಯನ್ನೇ ಗಮನಿಸಬಹುದು. ‘ಪ್ಯಾಸಿ’ ಎಂದೊಡನೆ ಬಾಯಾರಿದವಳು ಹೆಣ್ಣೆಂಬುದನ್ನು ಪ್ರತ್ಯಯವೇ ಹೇಳಿಬಿಡುತ್ತದೆ. ಕನ್ನಡದಲ್ಲಿ ಕಾವೇರಿ ‘ಹರಿಯಿತು’ ಎನ್ನಬಹುದು, ‘ಹರಿದಳು’ ಎನ್ನಲೂಬಹುದು. ಆದರೆ ನದಿಯೇ ‘ನಾನು ಬಾಯಾರಿದ್ದೇನೆ’ ಎಂದರೆ ಆ ಕ್ರಿಯಾಪದದಲ್ಲಿ ಲಿಂಗವೇ ಇಲ್ಲ; ತಮಿಳಿನ ಉತ್ತಮ ಪುರುಷದಲ್ಲಿಯೂ ಇಲ್ಲ. ಎರಡು ದಂಡೆಗಳೂ ಕಾವೇರಿಯನ್ನು ತಾಯಿಯೆನ್ನುತ್ತವೆ, ತಾಯಿ ತಮ್ಮವಳೆಂದೇ ಜಗಳವಾಡುತ್ತವೆ. ನದಿ ತಾನೇ ಮಾತಿಗೆ ತೊಡಗಿದರೆ ಆ ತಾಯ್ತನದಿಂದ ಬಿಡಿಸಿಕೊಳ್ಳುವ ಅವಕಾಶವನ್ನು ಎರಡೂ ನುಡಿಗಳ ವ್ಯಾಕರಣ ಕೊಡುತ್ತಿತ್ತು. ವಿವಾದದಿಂದ ಹೊರಗಿರುವ ಮೂರನೆಯ ನುಡಿಯೇ ವಿವಾದದ ಮೂಲರೂಪಕವನ್ನು ಉಳಿಸಿಕೊಂಡಿತು ಎಂಬುದು ಇಲ್ಲಿನ ವಿಪರ್ಯಾಸ.

ಹೊಸೂರಿನಲ್ಲಿ ಕುಳಿತು ಕೇಳುವವರಿಗೆ ಇದು ಬರಿಯ ವ್ಯಾಕರಣದ ಮಾತಲ್ಲ. 2007ರ ಫೆಬ್ರವರಿಯಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀರನ್ನು ಹಂಚಿತು. ಮರುವರ್ಷ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ವಿರುದ್ಧ ಬೆಂಗಳೂರಿನಲ್ಲಿ ಕನ್ನಡ ಸಂಘಟನೆಗಳು ಬೀದಿಗಿಳಿದವು. ಆ ಯೋಜನೆ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳಿಗಾಗಿ, ಅಂತರ್ಜಲದ ಫ್ಲೋರೈಡಿನಿಂದ ಬಳಲುತ್ತಿದ್ದ ಊರುಗಳಿಗಾಗಿ ರೂಪಿಸಿದ್ದು. 2013ರಲ್ಲಿ ಅದು ಉದ್ಘಾಟನೆಯಾಯಿತು. ಪ್ರತಿಭಟನೆಯ ನುಡಿ ನಮ್ಮದು, ಕೊಡಕ್ಕೆ ಬರುವ ನೀರೂ ನಮ್ಮದು. ಬೆಂಗಳೂರು ಕುಡಿಯುವುದೂ ಅದೇ ಕಾವೇರಿಯನ್ನು. ಹೀಗೆ ಎರಡೂ ಕಡೆಗೆ ಸೇರಿದ ಕೇಳುಗರು ಇದ್ದಾರೆಂಬುದು ‘ಪ್ಯಾಸಿ’ಯ ಕಲ್ಪನೆಯಲ್ಲಿಲ್ಲ. ಜಗಳವಾಡುವವರು ಇಬ್ಬರು, ನೋಯುವ ನದಿ ಒಂದು ಎಂಬ ಅದರ ಚೌಕಟ್ಟಿನಲ್ಲಿ ಗಡಿಯ ಕನ್ನಡಿಗರು ಯಾವ ಕಡೆ ನಿಲ್ಲಬೇಕು?

ಉತ್ತರದ ಸುಳಿವು ತಂಡದ ರಂಗದ ಮೇಲೆಯೇ ಇದೆ. ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದುದು ತಂಡದ ಗುರುತೇ ಆಗಿತ್ತು. ಅದನ್ನು ನಾವು ಕೀಲುಕುದುರೆ ಎನ್ನುತ್ತೇವೆ. ತಂಜಾವೂರಿನ ಕಡೆ ಪೊಯ್‌ಕ್ಕಾಲ್ ಕುದಿರೈ ಎನ್ನುತ್ತಾರೆ. ನದಿಯ ಮೇಲಣ ನಾಡಿಗೂ ಕೆಳಗಣ ಬಯಲಿಗೂ ಸೇರಿದ ಆ ಕುದುರೆ ಮೂರನೆಯದೊಂದರ ಹಂಗಿಲ್ಲದೆ ಎರಡೂ ಕಡೆ ಅರ್ಥವಾಗುತ್ತದೆ. ದೇಹಕ್ಕೆ ದಕ್ಕಿದ ಈ ಹಂಚಿಕೆ ಹಾಡಿನ ನುಡಿಗೆ ದಕ್ಕಲಿಲ್ಲ. ಕನ್ನಡವನ್ನು ಬಿಡುವುದರಿಂದಲ್ಲ, ತಮಿಳನ್ನು ಒಳಗೆ ಬಿಟ್ಟುಕೊಳ್ಳುವ ಕನ್ನಡವೊಂದನ್ನು ಕಟ್ಟುವುದರಿಂದ ಅದು ಸಾಧ್ಯವಾದೀತು. ಅಂಥ ಕನ್ನಡ ಹೊಸೂರಿನ ಸಂತೆಯಲ್ಲಿ ದಿನವೂ ಬಳಕೆಯಲ್ಲಿದೆ. ನಗರದ ಬ್ಯಾಂಡುಗಳು ಅದನ್ನು ಇನ್ನೂ ಕೇಳಿಸಿಕೊಳ್ಳಬೇಕಾಗಿದೆ.