ಎಡಹೆಗಲಿನ ರೈಫಲ್: ಬಂದೂಕು ಬದಲಾಯಿತು, ಪಾಠ ಬದಲಾಗಲಿಲ್ಲ

ಬಂದೂಕು ಹಿಡಿಯುವ ಎಡಚರಿಗೆ ಅರೆ-ಸ್ವಯಂಚಾಲಿತ ರೈಫಲಿನಷ್ಟು ಉಪಕಾರ ಮಾಡಿದ ಆಯುಧ ಇನ್ನೊಂದಿಲ್ಲ. ಈ ಮಾತನ್ನು ಎಡಚರೇ ಒಪ್ಪಲಿಕ್ಕಿಲ್ಲ. ಸಿಡಿದ ತೋಟೆ ಕಣ್ಣೆದುರೇ ಹಾರಿಹೋಗುವ, ಒಂದೊಂದು ಕೀಲೂ ಬಲಗೈಯವನ ಅನುಕೂಲಕ್ಕೆ ಕೂತಿರುವ ಆಯುಧ ಅದು. ಆದರೆ ಅದರ ಹಿಂದಿನ ಕೋವಿಗಳನ್ನು ಪಕ್ಕಕ್ಕಿಟ್ಟು ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಅಂಕೋಲಾ ತಾಲೂಕಿನ ಹಿಲ್ಲೂರು, ಅಚವೆಯಂಥ ಘಟ್ಟದ ಬುಡದ ಊರುಗಳಿಂದಲೇ ಶುರುಮಾಡೋಣ. ಬೆಳೆ ರಕ್ಷಣೆಗೆಂದು ಲೈಸೆನ್ಸಿನ ಮೇಲೆ ಇಟ್ಟುಕೊಂಡ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮರಳಿ ತರುವ ಕೋವಿಗಳು ಈ ಭಾಗದ ರೈತರ ಮನೆಗಳಲ್ಲಿ ಹೊಸತಲ್ಲ. ಅವುಗಳಲ್ಲಿ ಹಳೆಯದು ಕೇಪಿನ ಕೋವಿ. ಅದರ ಕುದುರೆ, ಕೇಪು ಕೂರುವ ಮೊಳೆ ಎರಡೂ ನಳಿಗೆಯ ಬಲಕ್ಕೆ ಇರುತ್ತವೆ. ಬಲಹೆಗಲಿಗೆ ಕೋವಿ ಇಟ್ಟವನ ಮುಖ ಹಿಡಿಯ ಎಡಕ್ಕಿರುವುದರಿಂದ ಕೇಪಿನ ಕಿಡಿ ಅವನಿಂದ ದೂರ. ಎಡಹೆಗಲಿಗೆ ಇಟ್ಟವನ ಕೆನ್ನೆ ಹಿಡಿಯ ಬಲಕ್ಕೆ ಬರುತ್ತದೆ; ಕಿಡಿ, ಹೊಗೆ, ಒಡೆದ ಕೇಪಿನ ಚೂರು ಎಲ್ಲ ಕಣ್ಣಿನ ನೇರಕ್ಕೇ. ನಡುವೆ ಮುರಿದು ತೋಟೆ ತುಂಬುವ ಕೋವಿಯಲ್ಲಿ ಈ ಭೇದವಿಲ್ಲ. ನನ್ನ ಮಟ್ಟಿಗೆ ಎಡಚನಿಗೆ ನಿಜವಾಗಿ ನ್ಯಾಯ ಮಾಡಿದ ಸಾದಾ ಕೋವಿ ಅದೊಂದೇ.

ಆಮೇಲೆ .303 ಬಂತು. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ ಆ ರೈಫಲಿನ ಬೋಲ್ಟಿನ ಹಿಡಿ ಬಲಕ್ಕಿದೆ. ಬಲಗೈಯವನು ಟ್ರಿಗರ್ ಬಿಟ್ಟು ಬೋಲ್ಟ್ ಎತ್ತಿ, ಎಳೆದು, ತಳ್ಳಿ ಮತ್ತೆ ಟ್ರಿಗರಿಗೆ ಬರುತ್ತಾನೆ. ಎಡಗೈ ರೈಫಲನ್ನು ಅಲುಗದಂತೆ ಹಿಡಿದಿರುತ್ತದೆ. ಎಡಚನಿಗೆ ಎರಡು ದಾರಿ: ಟ್ರಿಗರಿನ ಎಡಗೈಯನ್ನು ರೈಫಲಿನ ಮೇಲಿಂದ ಆಚೆಗೆ ಚಾಚುವುದು, ಇಲ್ಲವೇ ಮುಂದೆ ಆಧಾರ ಕೊಟ್ಟ ಬಲಗೈಯನ್ನು ತೆಗೆದು ಹಿಂದಕ್ಕೆ ತರುವುದು. ಎರಡರಲ್ಲೂ ಗುರಿ ಕೆಡುತ್ತದೆ. ಅದೂ ಒಮ್ಮೆಯಲ್ಲ, ಪ್ರತಿ ಗುಂಡಿಗೂ. ಬಂದೂಕು ಕಲಿಸುತ್ತಿದ್ದ ಆ ಕಾಲದ ಉಸ್ತಾದರು ಎಡಚರನ್ನು ಬಲಕ್ಕೆ ತಿರುಗಿಸಿದ್ದರೆ ಅದಕ್ಕೆ ಅರ್ಥವಿತ್ತು.

ಎಸ್‌ಎಲ್‌ಆರ್ ಎಂಬ ಅರೆ-ಸ್ವಯಂಚಾಲಿತ ರೈಫಲ್ ಈ ಕಷ್ಟದ ಬುಡವನ್ನೇ ಕಿತ್ತಿತು. ಇಶಾಪುರದ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ, 7.62 ಮಿ.ಮೀ. ಗುಂಡಿನ ಈ ರೈಫಲ್ ಬೆಲ್ಜಿಯಂನ ಎಫ್‌ಎನ್ ಫಾಲ್ ವಂಶದ್ದು. ಸಿಡಿದ ಮದ್ದಿನ ಅನಿಲವೇ ಬೋಲ್ಟನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ಒಳಗೆ ಕೂರಿಸುತ್ತದೆ. ಇಪ್ಪತ್ತು ಗುಂಡಿನ ಮ್ಯಾಗಜಿನ್ ಮುಗಿಯುವವರೆಗೆ ಕೈ ಕದಲಿಸುವ ಅಗತ್ಯವಿಲ್ಲ. 1998ರಲ್ಲಿ ಸೇನೆಗೆ ಬಂದ 5.56 ಮಿ.ಮೀ. ಇನ್ಸಾಸ್, ಒಂಟಿ ಗುಂಡಿನ ಸ್ಥಾನದಲ್ಲಿ ಕೆಲಸ ಮಾಡುವುದೂ ಹೀಗೆಯೇ. ಎಡಚನ ತೊಡಕು ಪ್ರತಿ ಗುಂಡಿನಿಂದ ಮ್ಯಾಗಜಿನ್ನಿಗೊಮ್ಮೆ ಎಂಬಲ್ಲಿಗೆ ಇಳಿಯಿತು.

ಉಳಿದ ತೊಡಕೂ ಸಣ್ಣದಲ್ಲ. ಈ ಎರಡು ರೈಫಲುಗಳಲ್ಲೂ ಮೊದಲ ಗುಂಡು ಒಳಗೆ ಕೂರಿಸಲು ಎಳೆಯುವ ಕಾಕಿಂಗ್ ಹ್ಯಾಂಡಲ್ ಎಡಕ್ಕಿದೆ. ಬಲಗೈಯವನು ಹಿಡಿತ ಬಿಡದೆ ಎಡಗೈಯಿಂದ ಎಳೆಯಲಿ ಎಂಬುದು ಲೆಕ್ಕ. ಎಡಚ ತನ್ನ ಬಲಗೈಯನ್ನು ರೈಫಲಿನ ಅಡಿಯಿಂದ ತೂರಿಸಿ ಅದನ್ನು ಹಿಡಿಯಬೇಕು. ಸೇಫ್ಟಿ ತೆಗೆದು ಹಾಕುವ ಚೇಂಜ್ ಲಿವರ್ ಕೂಡ ಎಡಕ್ಕೇ, ಬಲಗೈಯ ಹೆಬ್ಬೆರಳಿಗೆ ಸಿಗುವಂತೆ. ಎಡಗೈಯ ಹೆಬ್ಬೆರಳು ಇರುವುದು ಬಲಬದಿಯಲ್ಲಿ. ಹಾಗಾಗಿ ತೋರುಬೆರಳಿಗೇ ಆ ಕೆಲಸ ಕಲಿಸಬೇಕು. ಈ ವಿಷಯದಲ್ಲಿ ಎಕೆ-47 ಎಡಚನಿಗೆ ಎಷ್ಟೋ ವಾಸಿ. ಅದರ ಹ್ಯಾಂಡಲ್ ಬಲಕ್ಕಿರುವುದರಿಂದ ಆಧಾರ ಕೊಟ್ಟ ಬಲಗೈಯೇ ಅದನ್ನು ಸಲೀಸಾಗಿ ಎಳೆಯುತ್ತದೆ. ಬಲಗೈಯವರು ಆ ಬಂದೂಕಿನ ಬಗ್ಗೆ ಗೊಣಗುವ ಕಾರಣವೇ ಎಡಚರಿಗೆ ವರವಾಗಿದೆ.

ತೋಟೆಯ ಮಾತು ಬೇರೆ. ಇವೆಲ್ಲ ಖಾಲಿ ತೋಟೆಯನ್ನು ಬಲಕ್ಕೇ ಎಸೆಯುತ್ತವೆ, ಎಡಚನ ಮುಖ ತೋಟೆ ಹೊರಬೀಳುವ ಕಿಂಡಿಯ ಹಿಂದೆಯೇ ಇರುತ್ತದೆ. ಹೊಡೆತ ತಪ್ಪಿದರೂ ಅನಿಲದ ಬಿಸಿ, ಎಣ್ಣೆಯ ಹನಿ ತಪ್ಪುವುದಿಲ್ಲ. ಮುಂದೆ ಚಾಚಿದ ಬಲತೋಳಿನ ಮೇಲೆ ಬಿಸಿ ತೋಟೆ ಬೀಳುವುದೂ ಉಂಟು. ಅಮೆರಿಕನ್ನರು ಎಂ-16ರ ಸುಧಾರಿತ ರೂಪದಲ್ಲಿ ಕಿಂಡಿಯ ಹಿಂದೆ ಒಂದು ಉಬ್ಬು ಕೂರಿಸಿ ಇದಕ್ಕೆ ಪರಿಹಾರ ಕಂಡುಕೊಂಡರು. ಬ್ರಿಟಿಷರದು ತದ್ವಿರುದ್ಧ: 1985ರಲ್ಲಿ ಅವರು ತಂದ ಎಸ್‌ಎ-80 ರೈಫಲಿನ ಕಿಂಡಿ ಕೆನ್ನೆಯ ಪಕ್ಕಕ್ಕೇ ಬರುವುದರಿಂದ ಅಲ್ಲಿ ಎಡಚರೆಲ್ಲ ಬಲಹೆಗಲಿನಿಂದಲೇ ಹೊಡೆಯಬೇಕಾಯಿತು. ನಮ್ಮ ಇನ್ಸಾಸ್ ಈ ಎರಡರ ನಡುವೆ ನಿಲ್ಲುತ್ತದೆ. ಎಡಹೆಗಲಿಗೆ ಅದು ಹಿತವಲ್ಲ, ಆದರೆ ಅಸಾಧ್ಯವೂ ಅಲ್ಲ. ಒಳ್ಳೆಯ ರಕ್ಷಣಾ ಕನ್ನಡಕ ಮತ್ತು ಗುಂಡಿ ಹಾಕಿದ ತುಂಬುತೋಳಿನ ಅಂಗಿ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

ಹಾಗಾದರೆ ಕೊರತೆ ಇರುವುದು ಎಲ್ಲಿ? ಪಾಠದಲ್ಲಿ. ರೈಫಲು ಮುಂದೆ ಹೋಗಿದೆ, ಕಲಿಸುವವರು ಇನ್ನೂ .303ರ ಕಾಲದಲ್ಲಿದ್ದಾರೆ. ಊಟಕ್ಕೆ, ಪ್ರಸಾದಕ್ಕೆ ಎಡಗೈ ಚಾಚಿದರೆ ಗದರುವ ನಮ್ಮ ಮನೆಗಳ ಅಭ್ಯಾಸ ಮೈದಾನಕ್ಕೂ ಬಂದು ಕೂತಿದೆ. ವಿದ್ಯಾರ್ಥಿಯಾಗಿದ್ದಾಗ ಶಿಬಿರವೊಂದರಲ್ಲಿ ನನಗೆ ಸಿಕ್ಕ ಸೂಚನೆ, ಎಡಗಣ್ಣು ಮುಚ್ಚಿ ಬಲಕ್ಕೆ ತಿರುಗು ಎಂಬುದಷ್ಟೇ. ನನ್ನ ಯಾವ ಕಣ್ಣು ಗುರಿ ಹಿಡಿಯುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೊಂದೇ. ಮನುಷ್ಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಎಡಚ. ಆದರೆ ಎಡಗಣ್ಣು ಮುಂದಾಗಿರುವವರು ಸುಮಾರು ಮೂರರಲ್ಲಿ ಒಬ್ಬರು. ಬಲಗೈಯವರಲ್ಲೂ ಎಡಗಣ್ಣಿನವರಿದ್ದಾರೆ, ಎಡಚರಲ್ಲಿ ಬಲಗಣ್ಣಿನವರೂ ಇದ್ದಾರೆ. ಪರೀಕ್ಷೆ ಸುಲಭ. ಕಾರವಾರದ ಕಡಲತೀರದಲ್ಲಿ ನಿಂತು, ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ತೋಳು ಚಾಚಿ, ಎರಡೂ ಕಣ್ಣು ತೆರೆದು ದೇವಗಡ ದ್ವೀಪದ ದೀಪಸ್ತಂಭವನ್ನು ಆ ಕಿಂಡಿಯೊಳಗೆ ಹಿಡಿಯಿರಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ದೀಪಸ್ತಂಭ ಮಾಯವಾಗುತ್ತದೋ ಅದೇ ನಿಮ್ಮ ಗುರಿಯ ಕಣ್ಣು. ರೈಫಲು ಆ ಬದಿಯ ಹೆಗಲಿಗೆ ಹೋಗಬೇಕು. ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಕೈಗೆ ಕೆಲಸ ಕಡಿಮೆ, ಕಣ್ಣಿಗೇ ಹೆಚ್ಚು. ಆದ್ದರಿಂದ ಹೆಗಲನ್ನು ಕಣ್ಣು ಆರಿಸಲಿ.

ಬಲಕ್ಕೆ ತಿರುಗಿಸುವವರು ಒಂದು ವಾದ ಹೂಡುತ್ತಾರೆ, ಅಭ್ಯಾಸದಿಂದ ಎಲ್ಲವೂ ಸಾಧ್ಯ ಎಂದು. ಅವರ ಪಾಲಿಗೆ ಹಂಗೇರಿಯ ಕಾರೊಯ್ ಟಾಕಾಚ್ ಒಳ್ಳೆಯ ಸಾಕ್ಷಿ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋದ ಆ ಸೈನಿಕ ಎಡಗೈಯಲ್ಲಿ ಪಿಸ್ತೂಲು ಕಲಿತು, 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ. ಅವನ ಛಲಕ್ಕೆ ನನ್ನ ನಮಸ್ಕಾರ. ಆದರೆ ಪಿಸ್ತೂಲನ್ನು ಯಾವ ಕೈಯಲ್ಲಿ ಹಿಡಿದರೂ ಯಾವ ಕಣ್ಣಿನ ಮುಂದೆ ಬೇಕಾದರೂ ತರಬಹುದು. ರೈಫಲಿನ ಹಿಡಿ ಕೆನ್ನೆಗೆ ಒತ್ತಿದ ಮೇಲೆ ಆ ಸ್ವಾತಂತ್ರ್ಯ ಇರುವುದಿಲ್ಲ. ಅದಲ್ಲದೆ ಅವನಿಗೆ ಬೇರೆ ದಾರಿ ಇರಲಿಲ್ಲ, ನಮ್ಮ ಹುಡುಗ ಹುಡುಗಿಯರಿಗೆ ಇದೆ.

ಎಡಚರಿಂದ ಗುಂಡು ಹೊಡೆಯುವವರ ಸಾಲು ಕೆಡುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಮಲಗಿ ಗುಂಡು ಹೊಡೆಯುವಾಗ ಬಲಗೈಯವರ ಕಾಲು ಎಡಕ್ಕೆ ಓರೆಯಾಗುತ್ತದೆ, ಎಡಚನದು ಬಲಕ್ಕೆ. ನಡುವೆ ಮಲಗಿಸಿದರೆ ಪಕ್ಕದವನಿಗೆ ತಾಗುತ್ತದೆ. ಎಡಚರನ್ನು ಸಾಲಿನ ಬಲತುದಿಗೆ ಕಳಿಸಿದರೆ ಈ ಗಲಾಟೆ ತೀರುತ್ತದೆ, ಅವರ ತೋಟೆಗಳೂ ಯಾರ ಮೇಲೂ ಬೀಳುವುದಿಲ್ಲ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಉಸ್ತಾದರ ಒಂದು ಮಾತು ಸಾಕು.

ಹೊಸ ಆಯುಧಗಳು ದಾರಿ ಇನ್ನಷ್ಟು ಸುಗಮ ಮಾಡುತ್ತಿವೆ. 2019ರಲ್ಲಿ ಸೇನಾಪಡೆಗಳಿಗೆಂದು 72,400ರಷ್ಟು ಖರೀದಿಸಲು ಒಪ್ಪಂದವಾದ ಸಿಗ್-716 ರೈಫಲಿನ ಸೇಫ್ಟಿ ಎರಡೂ ಬದಿಗಿದೆ. ಆದರೆ ಸೇನೆಯ 7.62ರಂಥ ರೈಫಲು ಸಾಮಾನ್ಯ ಲೈಸೆನ್ಸಿನವರಿಗೆ ಸಿಗುವುದಿಲ್ಲ. ನಮ್ಮವರು ಅದನ್ನು ಕಾಣುವುದು ಸಮವಸ್ತ್ರ ತೊಟ್ಟಾಗ, ತಪ್ಪಿದರೆ ಪೊಲೀಸರ ತರಬೇತಿ ಶಿಬಿರಗಳಲ್ಲಿ. ಹಾಗಾಗಿ ಅಲ್ಲಿ ಕಲಿಸುವವರಲ್ಲಿಯೇ ನನ್ನ ಕೋರಿಕೆ: ಮೊದಲ ದಿನ ರೈಫಲು ಕೊಡುವ ಮುಂಚೆ ಪ್ರತಿಯೊಬ್ಬರ ಕಣ್ಣು ಪರೀಕ್ಷಿಸಿ, ಎಡಗಣ್ಣಿನವರಿಗೆ ಎಡಹೆಗಲು ಬಿಟ್ಟುಕೊಡಿ, ಕನ್ನಡಕ ಕೊಡಿ, ಸಾಲಿನ ಬಲತುದಿಯಲ್ಲಿ ಜಾಗ ಕೊಡಿ.