ಮೂವತ್ತೆರಡನೇ ಮನೆಯ ಕಾಯಿ

ಚೆಕರ್ಸ್ ಸಮಸ್ಯೆ ರಚನೆಯ ಸ್ಪರ್ಧೆಯೊಂದರ ಯೋಗ್ಯತೆ ತಿಳಿಯುವುದು ಅಚ್ಚಾದ ಚಿತ್ರದಲ್ಲಿ ತಪ್ಪು ಸಿಕ್ಕ ದಿನ. ಆ ತಪ್ಪನ್ನು ಹೇಗೆ ತಿದ್ದುತ್ತಾರೆ ಎಂಬುದರ ಮೇಲೆ ರಚನೆಕಾರನ ಮಾನವೂ ಓದುಗನ ನಂಬಿಕೆಯೂ ನಿಂತಿವೆ.

ಹಲಗೆಯ 64 ಚೌಕಗಳಲ್ಲಿ ಆಟ ನಡೆಯುವುದು 32 ಕಪ್ಪು ಮನೆಗಳಲ್ಲಿ ಮಾತ್ರ. ಅವಕ್ಕೆ 1ರಿಂದ 32ರವರೆಗೆ ಸಂಖ್ಯೆ. ಹೊಡೆಯುವ ಅವಕಾಶ ಬಂದರೆ ಹೊಡೆಯಲೇಬೇಕು. ಈ ಕಡ್ಡಾಯವೇ ಸಮಸ್ಯೆಯ ಜೀವ. ಒಂದು ಕಾಯಿ ತಪ್ಪಿದರೂ ಎಲ್ಲ ಕೆಡಲು ಕಾರಣವೂ ಅದೇ. ಉದಾಹರಣೆಗೆ, ಕಪ್ಪು ಕಾಯಿ 14 ಮತ್ತು 15ರಲ್ಲಿ, ಬಿಳಿ ಕಾಯಿ 22, 23, 27 ಮತ್ತು 32ರಲ್ಲಿ ಇರಲಿ. ಬಿಳಿಯ ನಡೆ: 23ರಿಂದ 18ಕ್ಕೆ. 14ರ ಕಪ್ಪು ಕಾಯಿ ಅದನ್ನು ಹೊಡೆದು 23ಕ್ಕೆ ಬರಲೇಬೇಕು. ಆಗ 27ರ ಬಿಳಿ ಕಾಯಿ ಒಂದೇ ಓಟದಲ್ಲಿ ಎರಡನ್ನೂ ಹೊಡೆದು 11ಕ್ಕೆ ಹೋಗುತ್ತದೆ, ಕಪ್ಪು ಬರಿದಾಯಿತು. ಅಚ್ಚಿನಲ್ಲಿ 32ರ ಕಾಯಿ ಬಿಟ್ಟುಹೋದರೆ? ಕಪ್ಪು 23ರಲ್ಲಿ ನಿಲ್ಲದೆ 27ರ ಕಾಯಿಯನ್ನೂ ಹೊಡೆದು 32ಕ್ಕೆ ತಲುಪಿ ರಾಜನಾಗುತ್ತದೆ. ಇಡೀ ಪರಿಹಾರದಲ್ಲಿ ಒಮ್ಮೆಯೂ ಕದಲದ ಕಾಯಿಯೇ ಗೆಲುವನ್ನು ಕಾಯುತ್ತಿತ್ತು.

ಬೇರೆ ಆಟಗಳಲ್ಲಿ ಇಂಥ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ಅಂಥ ಬಂಧದಲ್ಲಿ ನಕಲು ಮಾಡುವವನು ಒಂದು ಅಂಕಿ ತಪ್ಪಿ ಬರೆದರೆ ಕುದುರೆಯ ನಡಿಗೆ ಅಲ್ಲೇ ಮುರಿದು ತಪ್ಪು ತಾನಾಗಿ ಹೊರಬೀಳುತ್ತದೆ. ಜೇವರ್ಗಿ ಸೀಮೆಯಲ್ಲಿ ಶಹಾಬಾದ ಫರಸಿಯ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡುವಾಗ ಕಾಯಿ ಆಚೀಚೆಯಾದರೆ ಸುತ್ತ ಕೂತವರು ಹಿಡಿಯುತ್ತಾರೆ. ಚೆಕರ್ಸ್ ಚಿತ್ರಕ್ಕೆ ಈ ಎರಡು ಕಾವಲೂ ಇಲ್ಲ. ಕಾಯಿ ಬಿಟ್ಟುಹೋದ ಚಿತ್ರವೂ ನಿಯಮಕ್ಕೆ ಒಪ್ಪುವ ಸ್ಥಿತಿಯಾಗಿಯೇ ಕಾಣುತ್ತದೆ. ಓದುಗ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ, ರಚನೆಕಾರ ದಡ್ಡನೆನಿಸಿಕೊಳ್ಳುತ್ತಾನೆ.

ಕಂಪ್ಯೂಟರ್ ಇದೆಯಲ್ಲ ಎನ್ನುವವರಿದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ತಂಡ 2007ರಲ್ಲಿ, ಇಬ್ಬರೂ ತಪ್ಪದೆ ಆಡಿದರೆ ಚೆಕರ್ಸ್ ಸಮವಾಗುತ್ತದೆಂದು ತೋರಿಸಿಕೊಟ್ಟಿತು. ಆದರೆ ಯಂತ್ರ ಪರೀಕ್ಷಿಸುವುದು ಕೊಟ್ಟ ಚಿತ್ರವನ್ನು. ರಚನೆಕಾರನ ಮನಸ್ಸಿನ ಚಿತ್ರವನ್ನಲ್ಲ. ಅವನು ಬರೆದುಕೊಟ್ಟ ನಡೆಗಳನ್ನು ಅಚ್ಚಿನ ಚಿತ್ರದ ಮೇಲೆ ಕೈಯಾರೆ ಆಡಿ ನೋಡುವುದೇ ನೆಟ್ಟಗಿನ ಪರೀಕ್ಷೆ. ಪ್ರಕಟಣೆಗೆ ಮೊದಲು ಇದನ್ನು ಮಾಡದ ಸ್ಪರ್ಧೆ ಕರ್ತವ್ಯ ತಪ್ಪಿದಂತೆಯೇ.

ತಪ್ಪು ನುಸುಳಿದ ಮೇಲೆ ಸದ್ದಿಲ್ಲದೆ ಚಿತ್ರ ಬದಲಿಸುವುದು ಸುಲಭ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಕೆಟ್ಟ ದಾರಿ. ಮತದಿಂದ ಬಹುಮಾನ ತೀರ್ಮಾನವಾಗುವ ಸ್ಪರ್ಧೆಯಲ್ಲಿ, ಹಳೆಯ ಚಿತ್ರ ನೋಡಿ ಮತ ಹಾಕಿದವರಿಗೆ ತಾವು ತೂಗಿದ್ದು ಬೇರೆಯೇ ಸಮಸ್ಯೆ ಎಂಬುದು ಗೊತ್ತೇ ಆಗುವುದಿಲ್ಲ. ಸಮಸ್ಯೆಯನ್ನು ಸ್ಪರ್ಧೆಯಿಂದ ಕಿತ್ತುಹಾಕುವುದೂ ಅನ್ಯಾಯ, ಅಚ್ಚಿನ ತಪ್ಪಿಗೆ ರಚನೆಕಾರ ದಂಡ ತೆರಬೇಕಾಗುತ್ತದೆ. ಚದುರಂಗ ಸಮಸ್ಯೆಗಳ ಲೋಕದಲ್ಲಿ ತೀರ್ಪನ್ನು ಮೊದಲು ತಾತ್ಕಾಲಿಕವಾಗಿ ಪ್ರಕಟಿಸಿ, ಆಕ್ಷೇಪಕ್ಕೆ ಕಾಲ ಕೊಟ್ಟು, ಆಮೇಲೆ ಅಂತಿಮಗೊಳಿಸುವ ಪದ್ಧತಿ ಇದೆ. ಚೆಕರ್ಸ್‌ಗೂ ಅದೇ ತಕ್ಕದ್ದು. ಯಾವ ಮನೆಯಲ್ಲಿ ಯಾವ ಕಾಯಿ ಬಿಟ್ಟಿತ್ತೆಂದು ಹೇಳಿ, ತಪ್ಪು ಯಾರ ಕಡೆಯದೆಂದು ಸ್ಪಷ್ಟಪಡಿಸಿ, ಹಾಕಿದ ಮತವನ್ನು ಬದಲಿಸಲು ಅವಕಾಶ ಕೊಡಬೇಕು. ಇಷ್ಟು ಮಾಡುವ ಸಂಘಟಕರಿಗೆ ಕೆಲವು ದಿನ ತಡವಾಗಬಹುದು. ಅವರು ಕೊಡುವ ಬಹುಮಾನಕ್ಕೆ ಬೆಲೆ ಬರುವುದು ಆ ತಡದಿಂದಲೇ.